ಮಿಕ್ಕಿದುದನ್ನು ಕೊಟ್ಟರೆ ದಾನವಾದೀತೆ?

ಗೃಹಸ್ಥನಿಗೆ ಧರ್ಮಸೂಕ್ಷ್ಮದ ಪ್ರಶ್ನೆಗಳು ಪ್ರವಚನ ಮಂಟಪದಲ್ಲಿಯೇ ಎದುರಾಗಬೇಕೆಂದಿಲ್ಲ. ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕದಲ್ಲಿಯೂ ಅವು ಮೊಳೆಯುವುದುಂಟು. ನಾಗಪುರದ ಬಜಾಜ್ ನಗರದಲ್ಲಿರುವ ನಮ್ಮ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಹಾಗೆ ಒಂದು ಪ್ರಶ್ನೆ ಕುಂಬಳದ ಬಳ್ಳಿಯಾಗಿ ಮೊಳೆಯಿತು. ತತ್ತ್ವಚಿಂತನೆಗೆ ಮೀಸಲಾದ ಈ ಪುಟಗಳಲ್ಲಿ ಅಡಿಗೆಮನೆಯ ಲೆಕ್ಕವನ್ನು ಬಿಚ್ಚುವುದು ಎಷ್ಟರಮಟ್ಟಿಗೆ ಉಚಿತವೋ ತಿಳಿಯದು. ಆದರೆ ಊರು ಬಿಟ್ಟು ಬಂದ ನಮ್ಮಂತಹ ಕುಟುಂಬಗಳಿಗೆ ಶಾಸ್ತ್ರವು ಮೊದಲು ಪರಿಚಯವಾಗುವುದೂ ಕೊನೆಯವರೆಗೆ ಉಳಿಯುವುದೂ ಅಡಿಗೆಮನೆಯಲ್ಲಿಯೇ ಅಲ್ಲವೆ? ಆ ಧೈರ್ಯದಿಂದ ಬರೆಯುತ್ತಿದ್ದೇವೆ.

ಬಳ್ಳಿಯನ್ನು ಯಾರೂ ಬಿತ್ತಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಕೊಯ್ದ ಕಾಯಿಯ ತಿರುಳು, ನಾರು, ಬೀಜಗಳನ್ನು ಕಲ್ಲಿನ ಆಚೆಯ ಗೊಬ್ಬರದ ಗುಂಡಿಗೆ ಚೆಲ್ಲಿ ಮರೆತಿದ್ದೆವು. ನಾಗಪುರದ ವೈಶಾಖದ ಬಿಸಿಲೆಂದರೆ 45 ಡಿಗ್ರಿಯನ್ನು ದಾಟುವ ಬಿಸಿಲು. ಗುಂಡಿಯ ಮಣ್ಣು ಬಾಯಿಬಿಟ್ಟು ಬಿರಿದಿತ್ತು. ಜೂನ್ ಕೊನೆಯಲ್ಲಿ ಮೊದಲ ಮಳೆ ಬಿದ್ದು ಎಂಟು ದಿನ ಕಳೆಯುವಷ್ಟರಲ್ಲಿ ಆ ಕರಿಮಣ್ಣನ್ನು ಸೀಳಿಕೊಂಡು ಎರಡು ದಪ್ಪ ಎಲೆಗಳು ಮೇಲೆದ್ದವು. ಶಾಕವ್ರತದ ತಿಂಗಳೆಲ್ಲ ಬಳ್ಳಿ ಹಬ್ಬಿತೇ ಹೊರತು ಕಾಯಿಯ ಸುಳಿವಿರಲಿಲ್ಲ, ಬರಿಯ ಗಂಡುಹೂಗಳು. ವ್ರತವನ್ನು ಬಲ್ಲ ಬಳ್ಳಿಯೆಂದು ನಮ್ಮ ಮನೆಯವರು ನಕ್ಕರು. ಭಾದ್ರಪದದಲ್ಲಿ ಕಾಯಿ ಕಚ್ಚತೊಡಗಿತು. ಪಿತೃಪಕ್ಷ ಮುಗಿಯುವ ವೇಳೆಗೆ ಗೋಡೆಯ ಮೇಲೆ, ಹಳೆಯ ಮೋಟಾರು ಷೆಡ್ಡಿನ ತಗಡಿನ ಮೇಲೆ, ಪಕ್ಕದ ಮನೆಯ ಪೇರಲಗಿಡದ ಕೊಂಬೆಯಲ್ಲಿ, ಎಲ್ಲ ಸೇರಿ 14 ಕಾಯಿಗಳು ಬಲಿತು ನಿಂತಿದ್ದವು.

ಕಾಯಿಯ ಹೆಸರನ್ನು ಹೇಳಹೋದರೆ ನಮ್ಮ ಮಠದ ಭಕ್ತರಲ್ಲಿಯೇ ಒಮ್ಮತವಿಲ್ಲ. ಧಾರವಾಡ ಸೀಮೆಯ ನಾವು ಬರಿದೆ ಕುಂಬಳಕಾಯಿ ಎನ್ನುತ್ತೇವೆ. ಉಡುಪಿಯ ಕಡೆಯವರಿಗೆ ಅದು ಚೀನಿಕಾಯಿ, ಮೈಸೂರಿನವರಿಗೆ ಸಿಹಿಗುಂಬಳ. ನೆರೆಯ ವೈದರ್ಭೀಯರು ಕೋಹಳೆ ಎನ್ನುವರು. ಕಾಟನ್ ಮಾರ್ಕೆಟ್ಟಿನ ಹಿಂದೀ ವ್ಯಾಪಾರಿಗೆ ಕದ್ದು. ಶಾಸ್ತ್ರಗಳಲ್ಲಿ ಬರುವ ಕೂಷ್ಮಾಂಡವು ನಮ್ಮ ನೆಲದ ಬೂದುಗುಂಬಳ. ಈ ಕೆಂಪು ತಿರುಳಿನದು ಅಮೆರಿಕ ಖಂಡದ ಸಸ್ಯ. ಪೋರ್ಚುಗೀಸರು ಈ ದೇಶಕ್ಕೆ ಬಂದ ಮೇಲೆ ಇಲ್ಲಿಗೆ ತಲುಪಿದುದು. ಅಂದರೆ ಇದೂ ನಮ್ಮಂತೆ ದೂರದಿಂದ ಬಂದು, ಇಲ್ಲಿಯ ಕರಿಮಣ್ಣಿಗೆ ಬೇರಿಳಿಸಿ, ಬಂದ ಊರನ್ನು ಮರೆತದ್ದು.

ಹಳೆಯ ಪತ್ರಿಕೆ ಕೊಳ್ಳುವವನ ತಕ್ಕಡಿಯಲ್ಲಿ ತೂಗಿಸಿದೆವು. ಅತಿ ಸಣ್ಣದು ಮೂರು ಕಿಲೋ, ದೊಡ್ಡದು ಎಂಟು. ಒಟ್ಟು ಸುಮಾರು 70 ಕಿಲೋ. ಮಕ್ಕಳು ದೂರದ ಊರುಗಳಲ್ಲಿರುವ ಮನೆ, ಉಣ್ಣುವವರು ಇಬ್ಬರು. ದಿನಕ್ಕೆ ಅರ್ಧ ಕಿಲೋದಂತೆ ಬೇರೇನನ್ನೂ ಮಾಡದೆ ಉಂಡರೂ 140 ದಿನ. ಅದರ ಮೇಲೆ ಪಂಚಾಂಗದ ಲೆಕ್ಕ ಬೇರೆ. ಚಾತುರ್ಮಾಸ್ಯದ ಕೊನೆಯದಾದ ದ್ವಿದಳ ವ್ರತವು ಆಶ್ವಯುಜ ಶುದ್ಧ ಏಕಾದಶಿಗೆ, ಎಂದರೆ ವಿಜಯದಶಮಿಯ ಮರುದಿನ, ಆರಂಭವಾಗುತ್ತದೆ. ಬೇಳೆಕಾಳುಗಳ ಜೊತೆಗೆ ಬಹುಬೀಜದ ಕಾಯಿಗಳನ್ನೂ ಆ ತಿಂಗಳು ಬಿಡುವುದು ನಮ್ಮ ಮನೆಯ ರೂಢಿ. ಒಂದು ಕುಂಬಳಕಾಯಿಯನ್ನು ತಿಂದರೆ ನೂರು ಬಳ್ಳಿಗಳನ್ನು ತಿಂದಂತೆ ಎಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಆದುದರಿಂದ ಕಾಯಿಗಳು ಬಲಿತ ದಿನಕ್ಕೂ ಅವು ವರ್ಜ್ಯವಾಗುವ ದಿನಕ್ಕೂ ನಡುವೆ ನವರಾತ್ರಿಯ ಹತ್ತು ದಿನಗಳಷ್ಟೇ ಇದ್ದವು. ಗುರುತಿಗೆಂದು ಪ್ರತಿಯೊಂದು ಕಾಯಿಯ ಮೇಲೆ ಸುಣ್ಣದಿಂದ ಅಂಕಿ ಬರೆದು, ತೊಟ್ಟು ಎರಡು ಬೆರಳಿನಷ್ಟು ಉಳಿಯುವಂತೆ ಕೊಯ್ದು, ಒಂದಕ್ಕೊಂದು ತಾಗದಂತೆ ಪಡಸಾಲೆಯಲ್ಲಿ ಗೋಣಿಯ ಮೇಲೆ ಇಟ್ಟೆವು.

ಮೊದಲನೆಯದನ್ನು ಪ್ರತಿಪದೆಯ ದಿನ ಹೆಚ್ಚಿದೆವು. ಇಡೀ ಕುಂಬಳಕಾಯಿಗೆ ಮೊದಲ ಗಾಯವನ್ನು ಹೆಂಗಸರು ಮಾಡಕೂಡದೆಂಬ ರೂಢಿ ನಮ್ಮ ಕಡೆ ಇದೆ. ಇಲ್ಲಿಯ ಮರಾಠೀ ಮನೆಗಳಲ್ಲಿಯೂ ಇದೆ. ಬಲಿಯ ಪಶುವಿನ ಬದಲಿಗೆ ಕೂಷ್ಮಾಂಡವನ್ನು ಒಡೆಯುವ ಪದ್ಧತಿಯಿಂದ ಅದು ಬಂದಿರಬೇಕು. ಅಂತೂ ಕತ್ತಿ ಹಿಡಿದು ಎರಡು ಹೋಳು ಮಾಡಿಕೊಡುವುದು ಗಂಡಸಿನ ಪಾಲು. ಸಿಪ್ಪೆ ಹೆರೆಯುವುದು, ಹೆಚ್ಚುವುದು, ತುರಿಯುವುದು, ಬೇಯಿಸುವುದು ಉಳಿದವರ ಪಾಲು. ಈ ಹಂಚಿಕೆಯನ್ನು ಓದುಗರು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮೊದಲ ದಿನ ತೊಗರಿಬೇಳೆಯ ಹುಳಿ. ಎರಡನೆಯ ದಿನ ಒಗ್ಗರಣೆಗೆ ಸಾಸಿವೆ, ಮೇಲೆ ಕೊಬ್ಬರಿ ಉದುರಿಸಿದ ಪಲ್ಯ. ಮೂರನೆಯ ದಿನ ಗಾರಿಗೆ: ತುರಿದ ಕಾಯಿಯನ್ನು ಬೆಲ್ಲದಲ್ಲಿ ಬೇಯಿಸಿ, ಆ ಪಾಕದಲ್ಲಿಯೇ ಗೋಧಿಹಿಟ್ಟನ್ನೂ ಸ್ವಲ್ಪ ಅಕ್ಕಿಹಿಟ್ಟನ್ನೂ ಕಲಸಿ, ಏಲಕ್ಕಿ ಬೆರೆಸಿ, ತಟ್ಟಿ, ಮೇಲೆ ಗಸಗಸೆ ಒತ್ತಿ ಕರಿಯುವುದು. ನೀರನ್ನು ಹನಿಯೂ ಹಾಕಬಾರದು. ಕಾಯಿಯ ರಸವೇ ಸಾಕು. ಆಮೇಲೆ ಸಾಸಿವೆ, ಪಾಯಸ, ಸಿಪ್ಪೆಯ ಚಟ್ನಿ. ಬೀಜಗಳನ್ನು ತೊಳೆದು, ಒಣಗಿಸಿ, ಉಪ್ಪುನೀರು ಚಿಮುಕಿಸಿ ಹುರಿದುದೂ ಆಯಿತು. ಇಷ್ಟನ್ನೂ ಮಾಡಿದಾಗ ಮುಗಿದಿದ್ದುದು ಒಂದೇ ಒಂದು ಕಾಯಿ. ಐದನೆಯ ದಿನದ ಹೊತ್ತಿಗೆ, ಪಾತ್ರೆಯ ಮುಚ್ಚಳ ತೆಗೆಯುವ ಮೊದಲೇ ಒಳಗಿನ ಬಣ್ಣ ಯಾವುದೆಂಬುದು ನಮಗೆ ತಿಳಿಯತೊಡಗಿತು.

ಇದಕ್ಕೆ ಮುಂಚೆಯೇ ಮಠದ ಪಾಲನ್ನು ತೆಗೆದಿರಿಸಿದ್ದೆವು. ವಿಜಯದಶಮಿಯು ಶ್ರೀಮದಾಚಾರ್ಯರ ಜಯಂತಿ. ಶಾಖಾಮಠದಲ್ಲಿ ಅಂದು ಸಂತರ್ಪಣೆ. ಅದಕ್ಕಾಗಿ ಒಳ್ಳೆಯ ಮೂರು ಕಾಯಿಗಳನ್ನು ಆರಿಸಿ ಸೈಕಲ್ ರಿಕ್ಷಾದಲ್ಲಿ ಕಳುಹಿದೆವು. ಅನಂತರ ನೆರೆಹೊರೆ. ಎದುರು ಮನೆಯ ಮರಾಠೀ ದಂಪತಿಗಳಿಗೆ ಒಂದು ಕೊಟ್ಟುದಕ್ಕೆ ಮರುದಿನವೇ ತಟ್ಟೆಯ ತುಂಬ ಘಾರಗೆ ಬಂದಿತು. ನಮ್ಮ ಗಾರಿಗೆಯೂ ಅವರ ಘಾರಗೆಯೂ ಒಂದೇ ತಾಯಿಯ ಮಕ್ಕಳೆಂದು ನೋಡಿದೊಡನೆ ಗೊತ್ತಾಗುತ್ತದೆ. ಆ ಕೊಡುಕೊಳ್ಳುವಿಕೆಯಲ್ಲಿ ತುಂಬ ಸಂತೋಷವಿತ್ತು. ಮೂರನೆಯ ಮನೆಯವರೂ ಸಂತೋಷಪಟ್ಟರು. ನಾಲ್ಕನೆಯವರು, ಮನೆಯಲ್ಲಿ ಇರುವವರು ಇಬ್ಬರೇ ಎಂದರು. ಐದನೆಯವರು ಬಾಗಿಲನ್ನು ಪೂರ್ತಿ ತೆರೆಯದೆ, ನಗುತ್ತಲೇ ಎರಡು ಕೈಯಿಂದ ತೆಗೆದುಕೊಂಡರು. ಎರಡು ದಿನಗಳ ತರುವಾಯ ಬೆಳಗಿನ ಜಾವ ಹಾಲು ತರಹೋದಾಗ, ಕಸದ ಘಂಟಾಗಾಡಿ ಬಂದು ನಿಲ್ಲುವ ಮೂಲೆಯಲ್ಲಿ ಸುಣ್ಣದ ಒಂಬತ್ತನೆಯ ಅಂಕಿಯನ್ನು ಹೊತ್ತ ನಮ್ಮದೇ ಕುಂಬಳಕಾಯಿ ಕುಳಿತಿತ್ತು. ಯಾರಾದರೂ ನೋಡುವ ಮುನ್ನ ಅದನ್ನು ಎತ್ತಿ ಶಾಲಿನೊಳಗಿಟ್ಟುಕೊಂಡು ಮನೆಗೆ ಬಂದೆವು. ಕಳ್ಳತನ ಮಾಡಿದವರು ಯಾರು, ಮುಚ್ಚಿಕೊಂಡವರು ಯಾರು! ಕೋಪ ಬಂದಿತ್ತೆಂದು ಹೇಳಬೇಕು. ಕೊಟ್ಟುದನ್ನು ಎಸೆಯುವುದೆ, ಅದೂ ಅನ್ನವನ್ನು?

ಆ ಕೋಪದ ದಿನವೇ ಇನ್ನೊಂದು ಸಂಗತಿ ನಡೆಯಿತು. ಹನ್ನೊಂದನೆಯ ಕಾಯಿಯನ್ನು ಹೊರಳಿಸಿದಾಗ ತೊಟ್ಟಿನ ಬುಡದಲ್ಲಿ ಎರಡು ಬೆರಳಗಲ ಮೆತ್ತಗಾಗಿರುವುದು ಕಂಡಿತು. ಮನೆಗೆಲಸಕ್ಕೆ ಬರುವ ಬಾಯಿ ಅದೇ ಆಗ ಕೆಲಸ ಮುಗಿಸಿ ಹೊರಟಿದ್ದಳು. ಅವಳನ್ನು ಕರೆದು ಆ ಕಾಯಿಯನ್ನು ಕೊಟ್ಟೆವು. ಬೇಗ ಹೆಚ್ಚಿಬಿಡು ಎಂದೆವೇ ಹೊರತು ಏಕೆಂದು ಹೇಳಲಿಲ್ಲ. ಅವಳು ಅದನ್ನು ಸೊಂಟಕ್ಕಿಟ್ಟುಕೊಂಡು ಹೋದಳು. ನಮಗೆ ಆ ಹೊತ್ತಿಗೆ ಯಾವ ಅಳುಕೂ ಆಗಲಿಲ್ಲ. ಒಂದು ಕಡಿಮೆಯಾಯಿತೆಂದೇ ಅನ್ನಿಸಿತು.

ಅಂದು ಸಾಯಂಕಾಲ ಮಠದಲ್ಲಿ ಕಠೋಪನಿಷತ್ತಿನ ಪ್ರವಚನ. ಕಥೆ ಎಲ್ಲರಿಗೂ ಗೊತ್ತಿರುವುದೇ. ವಾಜಶ್ರವಸನು ಯಜ್ಞಮಾಡಿ ತನ್ನದೆಲ್ಲವನ್ನೂ ದಾನಮಾಡುತ್ತಾನೆ. ಕೊಡುವ ಗೋವುಗಳಾದರೋ ಕರೆಯುವ ಕಾಲ ಮುಗಿದವು; ಇನ್ನು ನೀರು ಕುಡಿಯುವ, ಹುಲ್ಲು ಮೇಯುವ ತ್ರಾಣವೂ ಇಲ್ಲದವು. ನೋಡುತ್ತಿದ್ದ ಹುಡುಗ ನಚಿಕೇತನ ಮನಸ್ಸಿನಲ್ಲಿ ಶ್ರದ್ಧೆಯು ಹೊಕ್ಕಿತು. ಇಂತಹ ಗೋವುಗಳನ್ನು ಕೊಟ್ಟವನಿಗೆ ಎಂತಹ ಲೋಕ ದೊರೆತೀತೆಂದು ಅವನು ಯೋಚಿಸಿದ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ನಾವು ನಿಜವಾಗಿಯೂ ಶಾಲನ್ನು ಸರಿಪಡಿಸಿಕೊಂಡೆವು.

ಅಂದಿನಿಂದ ಪ್ರಶ್ನೆ ಬೆನ್ನುಬಿಡಲಿಲ್ಲ. ನಮಗೆ ಬೇಡವಾದುದನ್ನು, ಹೆಚ್ಚಾದುದನ್ನು, ಇಟ್ಟುಕೊಳ್ಳಲು ಜಾಗವಿಲ್ಲದುದನ್ನು ಮತ್ತೊಬ್ಬರಿಗೆ ಕೊಟ್ಟರೆ ಅದು ದಾನವೋ, ಬರಿಯ ವಿಲೇವಾರಿಯೋ? ನಗರಗಳಲ್ಲಿ ಇದು ಕುಂಬಳಕಾಯಿಗಷ್ಟೇ ಸಂಬಂಧಿಸಿದ ಮಾತಲ್ಲ. ದೀಪಾವಳಿಯ ಮುನ್ನ ನಾವೆಲ್ಲರೂ ಹಳೆಯ ಬಟ್ಟೆ, ಹಳೆಯ ಪಾತ್ರೆ, ಮಕ್ಕಳಿಗೆ ಸಾಲದಾದ ಚಪ್ಪಲಿಗಳನ್ನು ಗಂಟುಕಟ್ಟಿ ಕೊಡುತ್ತೇವೆ. ಕಪಾಟು ಬರಿದಾಗುತ್ತದೆ, ಮನಸ್ಸು ತುಂಬುತ್ತದೆ. ಎರಡೂ ಒಂದೇ ಕ್ರಿಯೆಯಿಂದ ಆಗುವುದು ಸಂಶಯಪಡಬೇಕಾದ ಸಂಗತಿಯೇ ಸರಿ.

ದಾನವನ್ನು ಅಳೆಯುವುದಕ್ಕೆ ನಮ್ಮ ಗ್ರಂಥಗಳಲ್ಲಿ ಒಂದೇ ಅಳತೆಗೋಲು ಇಲ್ಲ. ಯುಧಿಷ್ಠಿರನ ಅಶ್ವಮೇಧದ ಮಂಟಪಕ್ಕೆ ಬಂದ ಅರ್ಧ ಹೊನ್ನಿನ ಮೈಯ ಮುಂಗುಸಿ, ಉಪವಾಸವಿದ್ದ ಬ್ರಾಹ್ಮಣ ಕುಟುಂಬವೊಂದು ಅತಿಥಿಗಿತ್ತ ಹಿಡಿ ಹಿಟ್ಟಿಗೆ ಈ ಯಜ್ಞವೆಲ್ಲ ಸಮನಲ್ಲವೆಂದಿತು. ಆ ಅಳತೆಯಲ್ಲಿ ಕೊಡುವವನಿಗೆ ಏನು ಕಡಿಮೆಯಾಯಿತೆಂಬುದೇ ಮುಖ್ಯ. ಹಾಗೆ ನೋಡಿದರೆ 14 ಕಾಯಿಗಳಲ್ಲಿ 13ನ್ನು ಕೊಟ್ಟರೂ ನಮ್ಮ ಖಾತೆಯಲ್ಲಿ ಸೊನ್ನೆ. ಏಕೆಂದರೆ ನಮಗೆ ಕಡಿಮೆಯಾದುದೇನೂ ಇಲ್ಲ. ನಚಿಕೇತನ ಅಳತೆ ಬೇರೆ. ತಂದೆಗೆ ನಷ್ಟವಾಯಿತೆ ಎಂದು ಅವನು ಕೇಳಲಿಲ್ಲ. ಗೋವಿನ ಹಗ್ಗವನ್ನು ಹಿಡಿದು ಮನೆಗೆ ಹೋಗುವವನಿಗೆ ಅದು ಹಾಲು ಕೊಟ್ಟೀತೆ ಎಂಬುದು ಅವನ ಚಿಂತೆ. ನಮಗೇನೋ ಈ ಎರಡನೆಯ ಅಳತೆಯೇ ಗೃಹಸ್ಥರಿಗೆ ಹೆಚ್ಚು ಒದಗುವಂಥದೆಂದು ತೋರುತ್ತದೆ. ಹಸಿದ ಮನೆಯ ಹಿಡಿ ಹಿಟ್ಟನ್ನು ಎಲ್ಲರಿಂದಲೂ ನಿರೀಕ್ಷಿಸುವುದು ಆಗದು. ಸತ್ತ ಹಸುವನ್ನು ಕಟ್ಟದಿರುವುದು ಎಲ್ಲರಿಂದಲೂ ಆದೀತು.

ಇನ್ನೂ ಒಂದು ಮಾತಿದೆ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ಇರುವುದನ್ನೆಲ್ಲ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿ, ಸ್ವತಂತ್ರನು ಶ್ರೀಹರಿಯೊಬ್ಬನೇ ಎಂದು ನಿರ್ಣಯಿಸಿದ್ದಾರೆ. ಈಶಾವಾಸ್ಯದ ಮೊದಲ ಮಂತ್ರಕ್ಕೆ ಅವರು ಮಾಡಿರುವ ಅರ್ಥದಲ್ಲಿಯೂ ನಾವು ಭೋಗಿಸಬಹುದಾದುದು ಅವನು ಕೊಟ್ಟಷ್ಟನ್ನೇ. ಅಕ್ಕಿಯೋ ಬೇಳೆಯೋ ಆಗಿದ್ದರೆ, ಸಂಬಳದ ಹಣದಿಂದ ಕೊಂಡದ್ದೆಂಬ ಭ್ರಾಂತಿಗಾದರೂ ಎಡೆಯಿತ್ತು. ಯಾರೂ ಬಿತ್ತದ, ಯಾರೂ ನೀರೆರೆಯದ ಬಳ್ಳಿಯ ಕಾಯಿಗೆ ನಾವು ಯಾವ ನ್ಯಾಯದಿಂದ ಒಡೆಯರಾದೆವು? ಒಡೆಯರಲ್ಲದವರು ದಾನಿಗಳಾಗುವುದು ಹೇಗೆ? ಆದರೆ ಈ ವಿಚಾರವನ್ನು ಹಿಡಿದು ಕೈಕಟ್ಟಿ ಕುಳಿತರೆ ಕಾಯಿ ಕೊಳೆಯುತ್ತದೆ. ಬಳ್ಳಿಯ ದೃಷ್ಟಿಯಿಂದ ಅದರಲ್ಲಿ ನಷ್ಟವೇನಿಲ್ಲ; ಕೊಳೆತರೇನೇ ಬೀಜ ಮಣ್ಣಿಗೆ ಸೇರುವುದು, ಹೋದ ವರ್ಷ ಹಾಗೆಯೇ ಸೇರಿದುದು. ನಷ್ಟವೆಂಬುದು ಪಡಸಾಲೆಯ ಗೋಣಿಯ ಮೇಲೆ ಬಂದ ಮೇಲಿನ ಮಾತು. ಒಡೆತನವಿಲ್ಲದಿದ್ದರೂ ವಿಚಾರಣೆಯ ಭಾರ ನಮ್ಮ ಮೇಲಿತ್ತು. ಮಠದ ಉಗ್ರಾಣದ ಪಾರುಪತ್ಯಗಾರನು ಅಕ್ಕಿ ತನ್ನದಲ್ಲವೆಂದು ಹುಳು ಬೀಳಲು ಬಿಡುವನೆ?

ಹೀಗೆ ಯೋಚಿಸುತ್ತ ವಿಜಯದಶಮಿ ಬಂದಿತು. ಗೋಣಿಯ ಮೇಲೆ ಕಸದ ಮೂಲೆಯಿಂದ ಮರಳಿದುದೂ ಸೇರಿ ಐದು ಕಾಯಿಗಳಿದ್ದವು.

ನಾಗಪುರದಲ್ಲಿ ಆ ದಿನಕ್ಕೆ ಮತ್ತೊಂದು ಮಹತ್ತ್ವವಿದೆ. 1956ರ ಅಕ್ಟೋಬರ್ 14ರ ವಿಜಯದಶಮಿಯಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದ ಸ್ಥಳವಾದ ದೀಕ್ಷಾಭೂಮಿ ನಮ್ಮ ಬಜಾಜ್ ನಗರದಿಂದ ಕಾಲ್ನಡಿಗೆಯ ದೂರದಲ್ಲಿದೆ. ಪ್ರತಿವರ್ಷವೂ ಅಂದು ದೂರದೂರುಗಳಿಂದ ಲಕ್ಷಾಂತರ ಜನ ಬಿಳಿಯ ಉಡುಪಿನಲ್ಲಿ ಅಲ್ಲಿಗೆ ನಡೆದು ಬರುತ್ತಾರೆ. ಅವರಿಗಾಗಿ ಬೀದಿಬೀದಿಯಲ್ಲಿ ನೀರಿನ, ಊಟದ ಚಪ್ಪರಗಳು ಏಳುತ್ತವೆ. ನಾವಾದರೋ ಈ ನಗರಕ್ಕೆ ಬಂದು ಇಷ್ಟು ವರ್ಷಗಳಲ್ಲಿ ಆ ದಿನವನ್ನು ಆಟೋ ಸಿಗದ ದಿನವೆಂದು ಗೊಣಗಿಕೊಂಡೇ ಕಳೆದವರು. ಜಯಂತಿಯ ಪೂಜೆಗೆ ಹೊತ್ತಾಗುವುದೆಂದು ನಸುಕಿನಲ್ಲಿಯೇ ಮಠ ಸೇರುವುದು, ಮಧ್ಯಾಹ್ನ ಮರಳಿ ಗೇಟು ಹಾಕಿಕೊಂಡು ಮಲಗುವುದು: ಇಷ್ಟೇ ನಮಗೂ ಆ ಜನಪ್ರವಾಹಕ್ಕೂ ಇದ್ದ ಸಂಬಂಧ.

ಆ ವರ್ಷವೂ ಮಠದಲ್ಲಿ ತೀರ್ಥಪ್ರಸಾದ ಸ್ವೀಕರಿಸಿ, ನಮ್ಮ ಮೂರು ಕಾಯಿಗಳು ಹುಳಿಯಲ್ಲಿ ಕರಗಿದ್ದುದನ್ನು ನೋಡಿ ತೃಪ್ತಿಪಟ್ಟು, ಎರಡು ಗಂಟೆಯ ಸುಮಾರಿಗೆ ನಡೆದೇ ಮನೆಗೆ ಬಂದೆವು. ಗೇಟಿನ ಬೇವಿನ ನೆರಳಿನಲ್ಲಿ ವಯಸ್ಸಾದ ಒಬ್ಬ ಹೆಂಗಸು, ಇಬ್ಬರು ಹುಡುಗಿಯರು ಕುಳಿತಿದ್ದರು. ಯವತ್ಮಾಳದ ಕಡೆಯವರು. ನೀರು ಕೇಳಿದರು; ಕೊಟ್ಟೆವು. ಕುಡಿಯುತ್ತ ಆಕೆ ಪಡಸಾಲೆಯ ಕಡೆ ನೋಡಿ, ಕೋಹಳೆ ಚೆನ್ನಾಗಿ ಬಂದಿದೆ ಎಂದರು. ನಮಗೆ ಒಡನೆಯೇ ಉತ್ಸಾಹ ಬಂದಿತು. ಈ ಬಾರಿ ನಚಿಕೇತನೂ ತಪ್ಪು ಹುಡುಕಲಾರನೆಂಬಂತೆ, ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸಿ, ಇದನ್ನು ಒಯ್ಯಿರಿ ಎಂದು ಮುಂದೆ ತಂದಿಟ್ಟೆವು. ಏಳು ಕಿಲೋದ ಕಾಯಿ.

ಆಕೆ ನಕ್ಕುಬಿಟ್ಟರು. “ದಾದಾ, ಹೆಗಲ ಮೇಲೆ ಗಂಟಿದೆ, ಕಂಕುಳಲ್ಲಿ ಹುಡುಗಿಯರಿದ್ದಾರೆ, ರಾತ್ರಿ ಬಸ್ಸು ಹಿಡಿಯಬೇಕು. ಇದನ್ನು ಹೊತ್ತು ಎಲ್ಲಿಗೆ ಹೋಗಲಿ? ಬೇಯಿಸಿ ಕೊಟ್ಟಿದ್ದರೆ ತಿಂದು ಹೋಗುತ್ತಿದ್ದೆವು” ಎಂದರು. ವಿನೋದಕ್ಕೆ ಆಡಿದ ಮಾತು. ಆದರೆ ಅಷ್ಟು ದಿನ ಪುಸ್ತಕಗಳಲ್ಲಿ ಹುಡುಕಿದುದಕ್ಕಿಂತ ಹೆಚ್ಚು ಅದರಲ್ಲಿ ಇತ್ತು. ನಾವು ಮನೆಮನೆಗೂ ಕೊಟ್ಟು ಬಂದುದು ಏನನ್ನು? ಐದು ಕಿಲೋ ಭಾರವನ್ನು, ಮೊದಲ ಗಾಯ ಮಾಡಲು ಗಂಡಸನ್ನು ಕಾಯುವ ಕೆಲಸವನ್ನು, ಹೆರೆಯುವ, ತುರಿಯುವ, ಕೈ ನೋಯುವ ಒಂದು ತಾಸಿನ ದುಡಿಮೆಯನ್ನು. ಇಬ್ಬರೇ ಇರುವ ಮನೆಯಲ್ಲಿ ಹೆಚ್ಚಿದ ಮೇಲೆ ಉಳಿಯುವ ಮುಕ್ಕಾಲು ಪಾಲಿನ ಚಿಂತೆಯನ್ನು. ಪುಣ್ಯವನ್ನು ನಾವು ಇಟ್ಟುಕೊಂಡು ಶ್ರಮವನ್ನು ಕೊಟ್ಟಿದ್ದೆವು. ಒಂಬತ್ತನೆಯ ಅಂಕಿಯ ಕಾಯಿಯನ್ನು ಇರುಳಿನಲ್ಲಿ ಬೀದಿಗಿಟ್ಟವರ ಮೇಲಿನ ಕೋಪ ಆಗ ಇಳಿಯಿತು.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. “ಆಕಿ ಖರೇನ ಹೇಳ್ಯಾಳ. ಕುಂಬಳಕಾಯಿ ಯಾರರ ಹಸೀದ ತಿಂತಾರೇನ್ರಿ? ಅರ್ಧ ತಾಸು ಕೂಡಂತ ಹೇಳ್ರಿ” ಎಂದವರೇ ಸೆರಗು ಬಿಗಿದು ಒಳಗೆ ಹೋದರು.

ನಮಗೆ ಅನುಮಾನಗಳು ಬಂದುದನ್ನು ಮುಚ್ಚಿಡುವುದಿಲ್ಲ. ಮಡಿಯ ಅಡಿಗೆಯಲ್ಲ, ನೈವೇದ್ಯದ ಹೊತ್ತೂ ಮೀರಿದೆ. ಅರ್ಪಿಸದ ಅನ್ನವನ್ನು ಬಡಿಸುವುದೆಂತು? ದಶಮಿಯಾದುದರಿಂದ ನಮಗೆ ಒಂದೇ ಹೊತ್ತಿನ ಊಟ. ಅದು ಮಠದಲ್ಲಿ ಮುಗಿದಿತ್ತು. ನಾವು ಉಣ್ಣದ ಅಡಿಗೆಯನ್ನು ನಮ್ಮ ಒಲೆಯ ಮೇಲೆ ಎಂದೂ ಮಾಡಿದವರಲ್ಲ. ಇವುಗಳ ಹಿಂದೆ ಅಡಗಿದ್ದ ಮತ್ತೊಂದು ಹಿಂಜರಿಕೆಯನ್ನೂ ಹೇಳಿಬಿಡಬೇಕು: ಗೇಟಿನ ಹೊರಗೆ ಕುಳಿತವರು ಯಾರು ಎಂಬುದು. ಅತಿಥಿಯ ಗೋತ್ರ ಶಾಖೆಗಳನ್ನು ವಿಚಾರಿಸಬಾರದೆಂದು ಸ್ಮೃತಿಕಾರರೇ ಹೇಳಿರುವಾಗ ಆ ಹಿಂಜರಿಕೆಗೆ ಶಾಸ್ತ್ರದ ಹೆಸರನ್ನು ಕೊಡುವುದು ನಮ್ಮಿಂದಾಗದು, ಅದು ನಮ್ಮದೇ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನಿಗೆ ಅರ್ಪಿಸಬೇಕಾದವುಗಳಲ್ಲಿ ಕೊಡುವ ಕ್ರಿಯೆಯೂ ಸೇರಿದೆ. ಹದಿನೈದನೆಯದರಲ್ಲಿ ಅವನೇ ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ಅನ್ನವನ್ನು ಪಚನಮಾಡುವನೆಂದಿದೆ. ಇಂಥವರ ದೇಹದಲ್ಲಿ ಎಂದಿಲ್ಲ. ದೇವರ ಮನೆಯಲ್ಲಿ ಆಗದ ನೈವೇದ್ಯ ಗೇಟಿನ ಬಳಿಯಲ್ಲಿ ಆಗುವುದೆಂದು ಮನಸ್ಸನ್ನು ಸಮಾಧಾನಪಡಿಸಿಕೊಂಡು ಕತ್ತಿ ತಂದೆವು.

ಮೂರು ಕಾಯಿಗಳನ್ನು ಒಡೆದೆವು. ರಜೆಗೆ ಬಂದಿದ್ದ ಮಗನೂ ಸೊಸೆಯೂ ಹೆಚ್ಚಲು ಕುಳಿತರು. ಎದುರು ಮನೆಯಾಕೆ ಸದ್ದು ಕೇಳಿ ಬಂದು, ತಮ್ಮ ಮನೆಯ ದೊಡ್ಡ ಬಾಣಲೆಯನ್ನೂ ಲಟ್ಟಣಿಗೆಯನ್ನೂ ತಂದರು. ಅಂಗಡಿಯಿಂದ ಮುತ್ತುಗದ ಪತ್ರಾವಳಿ ಬಂದಿತು. ಪಲ್ಯ, ಪೂರಿ; ಬೇರೇನಿಲ್ಲ. ಮೊದಲ ಎಲೆ ಆ ವೃದ್ಧೆಯದು. ಒಂದು ತುತ್ತು ತಿಂದು, “ಭಾಜಿಗೆ ಬೆಲ್ಲ ಹಾಕುತ್ತೀರಾ?” ಎಂದು ಆಶ್ಚರ್ಯಪಟ್ಟು, ಮೆಂತ್ಯದ ಒಗ್ಗರಣೆ ಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತೆಂದು ತಿಳಿಸಿ, ಹಸಿಮೆಣಸಿನಕಾಯಿ ಕೇಳಿ ಪಡೆದು, ಎಲೆಯನ್ನು ಬರಿದುಮಾಡಿದರು. ಎರಡನೆಯ ಬಾಣಲೆಗೆ ಮೆಂತ್ಯ ಬಿದ್ದಿತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಎಷ್ಟು ಜನ ಉಂಡರೆಂದು ಎಣಿಸಲಿಲ್ಲ. ಐದು ಗಂಟೆಗೆ ಗೋಧಿಹಿಟ್ಟು ಮುಗಿಯಿತು. ಪಲ್ಯವೂ ಅಲ್ಲಿಗೆ ಸರಿಯಾಯಿತು. ಸಂಜೆ ಬನ್ನಿ ಕೊಡಲು ಬಂದ ಕನ್ನಡದ ಮಿತ್ರರೂ, ಆಪಟೆಯ ಎಲೆಯ ಬಂಗಾರ ತಂದ ನೆರೆಯವರೂ ಹೊಗೆ ತುಂಬಿದ ಅಂಗಳವನ್ನು ಕಂಡು, ಏನಿದು ಸಮಾರಂಭವೆಂದು ಕೇಳಿದರು. ಕುಂಬಳಕಾಯಿ ಮುಗಿಸುತ್ತಿದ್ದೇವೆಂದು ನಮ್ಮ ಮನೆಯವರು ಹೇಳಿದರು.

ಇದನ್ನು ದಾನವೆಂದು ಕರೆಯಬಹುದೆ? ಕರೆಯಲಾರೆವು. ಉಂಡವರಲ್ಲಿ ಹಸಿದು ಬಳಲಿದವರು ಎಷ್ಟು ಮಂದಿಯೋ. ಎರಡು ಬೀದಿಗಳಾಚೆ ಚಪ್ಪರಗಳಲ್ಲಿ ಅವರಿಗೆ ಊಟ ಸಿದ್ಧವಿತ್ತು. ನಾವು ಬಡಿಸದಿದ್ದರೆ ಯಾರೂ ಉಪವಾಸ ಹೋಗುತ್ತಿರಲಿಲ್ಲ. ಅಗತ್ಯವಿದ್ದುದು ನಮಗೆ. ಮುಂಗುಸಿಯು ಬಂದು ಆ ಅಂಗಳದಲ್ಲಿ ಹೊರಳಿದ್ದರೂ ಅದರ ಒಂದು ಕೂದಲೂ ಹೊನ್ನಾಗುತ್ತಿರಲಿಲ್ಲ. ಆದರೆ ಪ್ರತಿಪದೆಯಿಂದ ದಶಮಿಯವರೆಗೆ ನಾವು ಕೈದಾಟಿಸಿದ ಎಲ್ಲ ಕಾಯಿಗಳಲ್ಲಿ ಆ ಮೂರರ ವಿಷಯದಲ್ಲಿ ಮಾತ್ರ ನಮಗೆ ಕೈ ನೋವು ಬಂದಿತ್ತು. ತೈತ್ತಿರೀಯದಲ್ಲಿ ಕೊಡುವವನ ಮನಸ್ಸಿಗೆ ಶ್ರದ್ಧೆಯ ಜೊತೆಗೆ ಲಜ್ಜೆಯನ್ನೂ ಅಳುಕನ್ನೂ ಏಕೆ ವಿಧಿಸಿದ್ದಾರೆಂಬುದು ಮೊದಲು ನಮಗೆ ಅರ್ಥವಾಗಿರಲಿಲ್ಲ. ಪಡೆಯುವವನಿಗೆ ಲಜ್ಜೆಯಾಗುವುದು ಲೋಕದ ರೀತಿ, ಕೊಡುವವನಿಗೇಕೆ? ಏಳು ಕಿಲೋದ ಕಾಯಿಯನ್ನು ಮುಂದಿಟ್ಟು ಕೈಮುಗಿಸಿಕೊಳ್ಳಲು ಕಾದು ನಿಂತಿದ್ದ ಆ ಒಂದು ಕ್ಷಣವನ್ನು ನೆನೆದಾಗ ಈಗಲೂ ಸ್ವಲ್ಪ ಆಗುತ್ತದೆ.

ಉಳಿದ ಎರಡು ಕಾಯಿಗಳು ದ್ವಿದಳ ವ್ರತದ ತಿಂಗಳನ್ನು ಗೋಣಿಯ ಮೇಲೆಯೇ ಕಳೆದವು. ಮಳೆ ನಿಂತು ಒಣಗಾಳಿ ಬೀಸುವ ಕಾಲ. ಬಲಿತ ಕಾಯಿಗೆ ಗಾಳಿಯಾಡಿದರೆ ಎರಡು ಮೂರು ತಿಂಗಳು ಏನೂ ಆಗುವುದಿಲ್ಲ. ಇದು ಮೊದಲೇ ಗೊತ್ತಿದ್ದ ವಿಷಯ. ಹಾಗಿದ್ದೂ ನವರಾತ್ರಿಯಲ್ಲಿ ಅಷ್ಟು ಅವಸರಪಟ್ಟು ಹಂಚಿದುದೇಕೋ! ಕಾಯಿ ಕೆಡುತ್ತದೆಂಬುದಕ್ಕಿಂತ ಕಣ್ಣೆದುರಿನ ರಾಶಿ ಬೇಗ ಕರಗಲೆಂಬುದೇ ಮುಖ್ಯವಾಗಿತ್ತೆಂದು ಕಾಣುತ್ತದೆ.

ಉತ್ಥಾನದ್ವಾದಶಿ ಕಳೆದ ಮರುದಿನ ಬಾಯಿ ಅಂಗಳ ಗುಡಿಸುತ್ತಿದ್ದಾಗ, ತಿಂಗಳಿಂದ ಕೇಳಬೇಕೆಂದು ಕೇಳಲಾರದೆ ಇದ್ದ ಮಾತನ್ನು ನಮ್ಮ ಮನೆಯವರು ಕೇಳಿದರು. ಆ ಹನ್ನೊಂದನೆಯ ಕಾಯಿ ಏನಾಯಿತು?

“ಕಂಡಿತ್ತು ಕಾಕೂ,” ಎಂದಳು ಅವಳು, ಪೊರಕೆ ನಿಲ್ಲಿಸದೆ. “ಕೈಗೆ ತೆಗೆದುಕೊಳ್ಳುವಾಗಲೇ ಬೆರಳಿಗೆ ಮೆತ್ತಗೆ ತಾಗಿತು. ನೀವು ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಂದು ಇನ್ನೂ ಎರಡು ಮನೆಯ ಕೆಲಸವಿತ್ತು. ರಾತ್ರಿ ಹೆಚ್ಚಿದೆ. ಅರ್ಧ ಬಂತು, ಅರ್ಧ ಹೋಯಿತು.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ನಮ್ಮ ಮನೆಯವರು, ಉಳಿದ ಎರಡರಲ್ಲಿ ಬೇಕಾದುದನ್ನು ನೀನೇ ಆರಿಸಿಕೋ ಎಂದರು. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಬಂದು, ಎರಡನ್ನೂ ಬೆರಳಿನಿಂದ ತಟ್ಟಿ, ತೊಟ್ಟಿನ ಬುಡವನ್ನು ಒತ್ತಿ ನೋಡಿ, ಸುಣ್ಣದ ಒಂಬತ್ತು ಇನ್ನೂ ಮಾಸದೆ ಉಳಿದಿದ್ದ ಸಣ್ಣದನ್ನು ಎತ್ತಿಕೊಂಡಳು. ದೊಡ್ಡದು ಬೇಡವೆ ಎಂದು ಕೇಳಿದೆವು.

“ಅದನ್ನು ಹೊತ್ತು ಎರಡು ಮನೆ ತಿರುಗಲೇ?”

ನಮ್ಮ ಮನೆಯವರು ಈಳಿಗೆಮಣೆಯನ್ನು ಎಳೆದುಕೊಂಡು ಕುಳಿತರು. ನೀನು ಉಳಿದ ಮನೆಗಳನ್ನು ಮುಗಿಸಿಕೊಂಡು ಬಾ, ಹೆಚ್ಚಿ ಇಟ್ಟಿರುತ್ತೇನೆ ಎಂದು ಅವಳಿಗೆ ಹೇಳಿ, ಮೊದಲ ಗಾಯಕ್ಕಾಗಿ ಕಾಯಿಯನ್ನು ನಮ್ಮ ಕಡೆಗೆ ಉರುಳಿಸಿದರು.